ಮನೆಯಲ್ಲೇ ಡ್ರಾಫ್ಟ್ ಟ್ಯಾಪ್: ಸೋಡಾಗೆ ಯಾವ ಗ್ಯಾಸ್, ಕೋಲ್ಡ್ ಕಾಫಿಗೆ ಯಾವ ಟ್ಯಾಪ್?

ಲೇಥ್‌ವಾಲಾ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಉದ್ಯಮಬಾಗ್‌ನಲ್ಲಿ ನನ್ನದೊಂದು ಸಣ್ಣ ಮಷೀನ್ ಶಾಪ್ ಇದೆ. ಹೈಡ್ರಾಲಿಕ್ ಫಿಟ್ಟಿಂಗ್ ಮಾಡುತ್ತೇವೆ. ಥ್ರೆಡ್, ಓ-ರಿಂಗ್, ಪ್ರೆಶರ್ ಗೇಜ್ ಇವೆಲ್ಲ ನನಗೆ ದಿನದ ಮಾತು. ಆದರೆ ಕುಡಿಯುವ ಪದಾರ್ಥಕ್ಕೆ ಪ್ರೆಶರ್ ಕೊಡುವ ವಿದ್ಯೆ ಗೊತ್ತಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನ ಹೆಂಡತಿಯ ತಮ್ಮ ಮೆಲ್ಬರ್ನ್‌ನಲ್ಲಿದ್ದಾನೆ. ಅಲ್ಲಿ ಮನೆಯಲ್ಲೇ ಬಿಯರ್ ಮಾಡಿ, ಗ್ಯಾರೇಜಿನ ಹಳೇ ಫ್ರಿಜ್‌ಗೆ ಟ್ಯಾಪ್ ಕೂರಿಸಿಕೊಂಡಿದ್ದಾನೆ. ದೀಪಾವಳಿಗೆ ಬಂದಾಗ 19 ಲೀಟರಿನ ಎರಡು ಖಾಲಿ ಸ್ಟೀಲ್ ಕೆಗ್ (ಒತ್ತಡ ತಾಳುವ ಪೀಪಾಯಿ), ಸಿಲಿಂಡರಿನ ಒತ್ತಡ ಇಳಿಸಿ ಕೊಡುವ ಒಂದು ರೆಗ್ಯುಲೇಟರ್ ತಂದುಕೊಟ್ಟು ಹೋದ. ನಮ್ಮಲ್ಲಿ 1965ರ ಅಬಕಾರಿ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವ ಹಾಗಿಲ್ಲ. ನನಗೆ ಅದು ಬೇಕಾಗಿಯೂ ಇಲ್ಲ. ಒಂದು ಕೆಗ್‌ನಲ್ಲಿ ಶುಂಠಿ-ಲಿಂಬೆ ಸೋಡಾ, ಇನ್ನೊಂದರಲ್ಲಿ ಕೋಲ್ಡ್ ಕಾಫಿ ಹಾಕಬೇಕು. ಕಾಫಿಗೆ ಮಾತ್ರ ಆ ಕಪ್ಪು ಸ್ಟೌಟ್ ಬಿಯರಿಗೆ ಬರುತ್ತದಲ್ಲ, ಅಂಥ ದಪ್ಪ ನೊರೆ ಬರಬೇಕು. ಭಾನುವಾರ ನಮ್ಮ ಮನೆಗೆ ಜನ ಜಾಸ್ತಿ. ಬಾಟಲಿ ಹೊತ್ತು ಸಾಕಾಗಿದೆ.

ಈಗ ಗೊಂದಲ ಗ್ಯಾಸ್‌ನದ್ದು. ಕಾರ್ಬನ್ ಡೈಆಕ್ಸೈಡಾ, ನೈಟ್ರೋಜನ್ನಾ, ಎರಡರ ಮಿಕ್ಸಾ? ಮಚ್ಛೆಯಲ್ಲಿ ಫೌಂಡ್ರಿ ಇಟ್ಟಿರುವ ಗೆಳೆಯನ ಹತ್ತಿರ ಸಿಒ2 ಸಿಲಿಂಡರ್ ಸಾಲಾಗಿ ನಿಂತಿರುತ್ತವೆ. ಒಂದು ಒಯ್ಯಿ ಅನ್ನುತ್ತಾನೆ. ಟ್ಯಾಪ್ ನೋಡಿದರೆ ಕ್ರೋಮ್ ಹೊಡೆದ ಹಿತ್ತಾಳೆಯದ್ದು ಅಗ್ಗ, ಸ್ಟೀಲಿನದ್ದು ದುಬಾರಿ. ಅದರಲ್ಲಿ ಫ್ಲೋ ಕಂಟ್ರೋಲ್ ಅಂತ ಒಂದು, ಸ್ಟೌಟ್ ಟ್ಯಾಪ್ ಅಂತ ಇನ್ನೊಂದು. ದುಡ್ಡು ಹಾಕಬೇಕಾ ಅಥವಾ ಸುಮ್ನೆ ಶೋಕಿನಾ?

ಮೆಲ್ಬರ್ನ್ ರೆಗ್ಯುಲೇಟರ್ ನಮ್ಮ ಸಿಲಿಂಡರಿನ ಥ್ರೆಡ್‌ಗೆ ಕೂರುವುದಿಲ್ಲ. ಅದೇನೂ ದೊಡ್ಡದಲ್ಲ, ಒಂದು ಅಡಾಪ್ಟರ್ ಲೇಥ್ ಮೇಲೆ ತಿರುಗಿಸಿಕೊಳ್ಳುತ್ತೇನೆ. ಸಿಲಿಂಡರ್ ಟೆರೇಸಿನ ತಗಡಿನ ಶೆಡ್‌ನಲ್ಲಿ ಇಟ್ಟು ಪೈಪ್ ಕೆಳಗೆ ಬಿಡುವ ಯೋಚನೆ. "12 ಪಿಎಸ್‌ಐ, 3 ಮೀಟರ್ ಪೈಪ್, ಅಷ್ಟೇ" ಅಂತ ಮೆಲ್ಬರ್ನಿನ ಮೈದುನ ಹೇಳಿ ಹೋಗಿದ್ದಾನೆ. ಅಷ್ಟೇನಾ?

—

ಪಾನಕಪ್ರಿಯ

ಅಣ್ಣಾ, ನಾಲ್ಕು ಜನ ಬಂದರೆ ಎರಡು ಸೋಡಾ ಸೈಫನ್ ಸಾಕು. ಇಷ್ಟೆಲ್ಲ ಯಾಕೆ?

—

ಗುಮ್ಮಟದೂರಿನ ಫಿಟ್ಟರ್, ವಿಜಯಪುರ

ಲೇಥ್‌ವಾಲಾ ಸಾಹೇಬ್ರೇ, ಮೊದಲು ಆ ಅಡಾಪ್ಟರ್ ಕೆಲಸ ಬಿಡ್ರಿ. ಉಳಿದದ್ದು ಆಮೇಲೆ.

ನಾನು ಗೋವಾದಲ್ಲಿ ವರ್ಷಗಟ್ಟಲೆ ಬಾರ್‌ಗಳಿಗೆ ಡ್ರಾಫ್ಟ್ ಲೈನ್ ಹಾಕಿದವನು. ಈಗ ಊರಲ್ಲಿ ಫ್ರಿಜ್, ಎಸಿ ರಿಪೇರಿ ಮಾಡಿಕೊಂಡಿದ್ದೇನೆ. ನಿಮಗೆ 200 ಬಾರ್ ಎಣ್ಣೆ ಅಂದರೆ ಲೆಕ್ಕಕ್ಕಿಲ್ಲ, ಒಪ್ಪಿದೆ. ಸಿಒ2 ಸಿಲಿಂಡರಿನಲ್ಲಿ 20 ಡಿಗ್ರಿಗೆ 57 ಬಾರ್ ಅಷ್ಟೇ ಇರುತ್ತದೆ (ಒಂದು ಬಾರ್ ಅಂದರೆ ಸುಮಾರು 14.5 ಪಿಎಸ್‌ಐ). ಆದರೆ ಎಣ್ಣೆ ಹಿಗ್ಗುವುದಿಲ್ಲ, ಗ್ಯಾಸ್ ಹಿಗ್ಗುತ್ತದೆ. ಫಿಟ್ಟಿಂಗ್ ಬಿಟ್ಟುಕೊಂಡರೆ ಅದು ಗೋಡೆಯನ್ನೂ ಕೇಳುವುದಿಲ್ಲ, ಮನುಷ್ಯನನ್ನೂ ಕೇಳುವುದಿಲ್ಲ. ಒಂದೊಂದು ಗ್ಯಾಸಿಗೆ ಒಂದೊಂದು ಥ್ರೆಡ್ ಇಟ್ಟಿರುವುದೇ ತಪ್ಪು ರೆಗ್ಯುಲೇಟರ್ ಕೂರಬಾರದು ಅಂತ. ಇಲ್ಲಿಯ ಸಿಲಿಂಡರಿಗೆ ಇಲ್ಲಿಯ ರೆಗ್ಯುಲೇಟರ್ ತಗೊಳ್ಳಿ. ತಗೊಳ್ಳುವಾಗ ಒಂದು ಎಚ್ಚರ: ವೆಲ್ಡಿಂಗ್ ಅಂಗಡಿಯವರು ಮಿಗ್ ವೆಲ್ಡಿಂಗಿನ ಸಿಒ2 ರೆಗ್ಯುಲೇಟರ್ ಕೊಡುತ್ತಾರೆ. ಅದರ ಮೇಲೆ ನಿಮಿಷಕ್ಕೆ ಇಷ್ಟು ಲೀಟರ್ ಅಂತ ಬರೆದಿರುತ್ತದೆ. ನಿಮಗೆ ಬೇಕಾಗಿರುವುದು ಹರಿವಲ್ಲ, ಒತ್ತಡ. 0ದಿಂದ 4 ಬಾರ್‌ವರೆಗೆ ನಿಖರವಾಗಿ ಹೊಂದಿಸಲು ಬರುವ, ಸೇಫ್ಟಿ ವಾಲ್ವ್ ಇರುವಂಥದ್ದು ಕೇಳಿ. ನಿಮ್ಮ ಲೇಥ್ ಕೈಚಳಕವನ್ನು ಡ್ರಿಪ್ ಟ್ರೇಗೆ, ಫ್ರಿಜ್ ಬಾಗಿಲಿನ ಬುಷ್‌ಗೆ ಇಟ್ಟುಕೊಳ್ಳಿ.

ಈಗ ಗ್ಯಾಸ್. ಗ್ಯಾಸಿಗೆ ಕೆಗ್‌ನಲ್ಲಿ ಎರಡು ಕೆಲಸ. ಪದಾರ್ಥವನ್ನು ಹೊರಗೆ ದೂಡುವುದು ಒಂದು, ಅದರಲ್ಲಿ ಕರಗಿ ಕೂರುವುದು ಇನ್ನೊಂದು. ಎಲ್ಲ ಗೊಂದಲ ಹುಟ್ಟುವುದು ಈ ಎರಡನ್ನೂ ಒಂದೇ ಅಂದುಕೊಳ್ಳುವುದರಿಂದ. ನಿಮ್ಮ ಮೈದುನರ 12 ಪಿಎಸ್‌ಐ ಲಾಗರ್ ಅನ್ನುವ ಸಾಮಾನ್ಯ ತಿಳಿ ಬಿಯರಿನ ಲೆಕ್ಕ. 4 ಡಿಗ್ರಿ ಹತ್ತಿರ ತಂಪಾಗಿರುವ ಬಿಯರಿಗೆ 12 ಪಿಎಸ್‌ಐ ಸಿಒ2 ಕೊಟ್ಟರೆ, ಒಂದು ಲೀಟರ್ ಬಿಯರಿನಲ್ಲಿ ಸುಮಾರು ಎರಡೂವರೆ ಲೀಟರ್ ಗ್ಯಾಸ್ ಕರಗಿ ನಿಲ್ಲುತ್ತದೆ. ಅದೇ ಒತ್ತಡ ಅದನ್ನು ಟ್ಯಾಪ್‌ವರೆಗೂ ದೂಡುತ್ತದೆ. ಎರಡೂ ಕೆಲಸ ಒಂದೇ ಒತ್ತಡದಲ್ಲಿ ಆಗಿಬಿಟ್ಟಿತು. ಮನೆಯ ಬಿಯರಿಗೆ ಸಾದಾ ಸಿಒ2 ಸಾಕು ಅನ್ನುವುದು ಇದಕ್ಕೇ.

ಪಬ್ಬಿನಲ್ಲಿ ಹಾಗಲ್ಲ. ಕೆಗ್ ಎಲ್ಲೋ ಕೆಳಗಿನ ಕೋಲ್ಡ್ ರೂಮಿನಲ್ಲಿ, ಟ್ಯಾಪ್ ಮೇಲೆ ಕೌಂಟರಿನಲ್ಲಿ. ಅಷ್ಟು ದೂರ ದೂಡಲು ಒತ್ತಡ ಜಾಸ್ತಿ ಬೇಕು. ಬರೀ ಸಿಒ2ನಲ್ಲಿ ಒತ್ತಡ ಏರಿಸಿದರೆ ದಿನ ಕಳೆದಂತೆ ಬಿಯರಿನಲ್ಲಿ ಗ್ಯಾಸ್ ತುಂಬಿ, ಗ್ಲಾಸಿನ ತುಂಬ ಬರೀ ನೊರೆ. ಅದಕ್ಕೆ 60 ಪಾಲು ಸಿಒ2, 40 ಪಾಲು ನೈಟ್ರೋಜನ್ ಕೊಡುತ್ತಾರೆ. ನೈಟ್ರೋಜನ್ ದೂಡುತ್ತದೆ, ಕರಗುವುದು ಬಹಳ ಕಡಿಮೆ. ಸ್ಟೌಟ್‌ಗೆ ಇದು ತಿರುಗಾಮುರುಗಾ: ನೈಟ್ರೋಜನ್ 75 ಪಾಲು, ಸಿಒ2 25 ಪಾಲು, ಒತ್ತಡ 30ರಿಂದ 35 ಪಿಎಸ್‌ಐ. ಗಿನ್ನೆಸ್ ಅನ್ನುವ ಐರ್ಲೆಂಡಿನ ಸ್ಟೌಟ್ ಕಂಪನಿಯಲ್ಲಿ ಮೈಕೆಲ್ ಆಶ್ ಅನ್ನುವ ಗಣಿತದವರು ಕೂತು ಈ ನೈಟ್ರೋಜನ್ ಪದ್ಧತಿ ಹೊಂದಿಸಿದ್ದು. 1959ರಲ್ಲಿ ಅದು ಮಾರುಕಟ್ಟೆಗೆ ಬಂತು. ಆ ಸಣ್ಣ ಗುಳ್ಳೆಯ ದಪ್ಪ ನೊರೆ ಅಲ್ಲಿಂದ ಶುರು.

ನಿಮ್ಮ ಮನೆಗೆ ಮಿಕ್ಸ್ ಬೇಡವೇ ಬೇಡ. ಸೋಡಾಗೆ ಬರೀ ಸಿಒ2. ನೈಟ್ರೋಜನ್‌ನಿಂದ ಸೋಡಾ ದೂಡಿದರೆ ಕೆಗ್ ಅರ್ಧ ಆಗುವಷ್ಟರಲ್ಲಿ ಕಟಕಟ ಅನ್ನುವುದು ಹೋಗಿ ಸಪ್ಪೆ ಶರಬತ್ತು ಆಗಿರುತ್ತದೆ. ಕಾಫಿಗೆ ಬರೀ ನೈಟ್ರೋಜನ್, 35ರಿಂದ 45 ಪಿಎಸ್‌ಐ. ಕಾಫಿಗೆ ಸಿಒ2 ತಾಗಿದರೆ ಹುಳಿ ಚುರುಕು ಬರುತ್ತದೆ, ಬಾಯಿಗೆ ಹಿಡಿಸುವುದಿಲ್ಲ. ಸ್ಟೌಟಿನ ಮಿಕ್ಸ್‌ನಲ್ಲಿ ಕಾಲು ಪಾಲು ಸಿಒ2 ಇರುವುದರಿಂದ ಅದೂ ಬೇಡ. ಅಂದ ಮೇಲೆ ಎರಡು ಸಿಲಿಂಡರ್, ಎರಡು ರೆಗ್ಯುಲೇಟರ್. ನೈಟ್ರೋಜನ್ ಸಿಲಿಂಡರಿನಲ್ಲಿ 150 ಬಾರ್ ಇರುತ್ತದೆ, ಸಿಒ2 ರೆಗ್ಯುಲೇಟರ್ ಅದಕ್ಕೆ ಹಾಕುವ ಮಾತೇ ಇಲ್ಲ. ಶಾಪ್‌ನಲ್ಲಿ ಕಂಪ್ರೆಸರ್ ಇದೆ, ಗಾಳಿಯಿಂದಲೇ ದೂಡಿದರೇನು ಅಂತ ನಿಮ್ಮ ತಲೆಗೆ ಬಂದೇ ಬರುತ್ತದೆ. ಗಾಳಿಯಲ್ಲಿ ಆಕ್ಸಿಜನ್ ಇದೆ, ಕಂಪ್ರೆಸರಿನಲ್ಲಿ ಎಣ್ಣೆ ಇದೆ. ಬಿಯರ್ ಇರಲಿ ಕಾಫಿ ಇರಲಿ, ಎರಡು ದಿನದಲ್ಲಿ ಹಳಸಲು ವಾಸನೆ ಬರುತ್ತದೆ.

ಫೌಂಡ್ರಿ ಸಿಲಿಂಡರ್ ಮರಳಿನ ಕೋರ್ ಗಟ್ಟಿ ಮಾಡಲು ಇಟ್ಟಿರುವುದು. ಸೋಡಿಯಂ ಸಿಲಿಕೇಟ್ ಕಲಸಿದ ಮರಳಿಗೆ ಅದನ್ನು ಊದುತ್ತಾರೆ. ಗ್ಯಾಸ್ ಅದೇ ಸಿಒ2, ಆದರೆ ಆ ಸಿಲಿಂಡರಿನ ಒಳಗೆ ಏನೇನು ಹೊಕ್ಕಿದೆಯೋ ಯಾರು ನೋಡಿದ್ದಾರೆ? ಫುಡ್ ಗ್ರೇಡ್ ಅಂತ ಕೇಳಿ ತಗೊಳ್ಳಿ. ನಿಮ್ಮೂರಲ್ಲಿ ಗೋಲಿ ಸೋಡಾ ಮಾಡುವವರನ್ನು ಹೋಗಿ ಕೇಳಿ, ಗ್ಯಾಸ್ ಎಲ್ಲಿಂದ ತರಿಸುತ್ತೀರಿ ಅಂತ. ಅವರಿಗಿಂತ ಒಳ್ಳೆಯ ದಾರಿ ಯಾರೂ ತೋರಿಸುವುದಿಲ್ಲ. ಸಿಲಿಂಡರ್ ಕುತ್ತಿಗೆ ಮೇಲೆ ಟೆಸ್ಟ್ ಆದ ತಾರೀಕು ಹೊಡೆದಿರುತ್ತಾರೆ, ಅದನ್ನೂ ಓದಿ. ಬೆಂಕಿ ಆರಿಸುವ ಸಿಒ2 ಸಿಲಿಂಡರ್ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ. ಅದರೊಳಗೆ ತಳದವರೆಗೆ ಕೊಳವೆ ಇರುತ್ತದೆ. ಗ್ಯಾಸ್ ಬದಲು ದ್ರವವೇ ಮೇಲೆ ಬಂದು ರೆಗ್ಯುಲೇಟರ್ ಹಾಳು ಮಾಡುತ್ತದೆ.

ಇನ್ನು ಟ್ಯಾಪ್. ಇಲ್ಲಿ ಜನ ಹೊಳಪು ನೋಡಿ ಮರುಳಾಗುತ್ತಾರೆ. ಬರೀ ಬಿಯರ್ ಆಗಿದ್ದರೆ ಹಿತ್ತಾಳೆಯದ್ದೂ ಒಂದಷ್ಟು ದಿನ ನಡೆದೀತು ಅನ್ನುತ್ತಿದ್ದೆ. ನಿಮ್ಮದು ಶುಂಠಿ-ಲಿಂಬೆ ಸೋಡಾ, ಹುಳಿಯ ಮೇಲೆ ಹುಳಿ. ಗ್ಯಾಸ್ ನೀರು ತಾಮ್ರವನ್ನು ಕರಗಿಸುತ್ತದೆ, ಹಿತ್ತಾಳೆಯಲ್ಲಿರುವುದು ತಾಮ್ರ, ಜೊತೆಗೆ ಒಂದಿಷ್ಟು ಸೀಸವೂ ಇರಬಹುದು. ಕ್ರೋಮ್ ಎಲ್ಲಿ ಸವೆಯಿತು ಅಂತ ಒಳಗೆ ಕಾಣುವುದಿಲ್ಲ. ಸೋಡಾ ಮುಟ್ಟುವ ಕಡೆ ತಾಮ್ರ, ಹಿತ್ತಾಳೆ ಒಂದು ನಟ್ ಕೂಡ ಇರಬಾರದು. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ತಗೊಳ್ಳಿ. ಇದು ಶೋಕಿ ಅಲ್ಲ.

ಅದಕ್ಕಿಂತ ದೊಡ್ಡ ಮಾತು ವಾಷರ್ ಎಲ್ಲಿ ಮುಚ್ಚುತ್ತದೆ ಅನ್ನುವುದು. ಹಳೇ ಮಾದರಿ ಟ್ಯಾಪ್ ಹಿಂದುಗಡೆ ಮುಚ್ಚುತ್ತದೆ. ಮೂತಿಯೊಳಗೆ ಉಳಿದ ಪದಾರ್ಥ ಗಾಳಿಗೆ ಒಣಗುತ್ತದೆ. ಬಿಯರ್ ಆದರೆ ಅಂಟು ಹಿಡಿದು, ನಾಲ್ಕು ದಿನ ಬಿಟ್ಟರೆ ಹ್ಯಾಂಡಲ್ ಎಳೆಯಲು ಬರುವುದಿಲ್ಲ. ಸಕ್ಕರೆ ಸೋಡಾ ಆದರೆ ಇರುವೆ ಸಾಲು ಹಿಡಿದು ಬರುತ್ತವೆ, ಒಳಗೆ ಬೂಷ್ಟು. ಮುಂದುಗಡೆ ಮುಚ್ಚುವ ಟ್ಯಾಪ್‌ನಲ್ಲಿ ಒಳಗೆ ಗಾಳಿ ಆಡುವುದಿಲ್ಲ. ಪರ್ಲಿಕ್, ಇಂಟರ್‌ಟ್ಯಾಪ್, ನೂಕಾಟ್ಯಾಪ್ ಎಲ್ಲ ಈ ಜಾತಿಯವು. ನೂಕಾಟ್ಯಾಪ್ ಮೆಲ್ಬರ್ನಿನದ್ದೇ ಮಾಲು, ಮುಂದಿನ ಸಲ ಅವರಿಗೆ ತರಲು ಹೇಳಿ. ಜೇಬಿನಲ್ಲಿ ಬರುತ್ತದೆ, ಥ್ರೆಡ್ ತಕರಾರೂ ಇಲ್ಲ, ಶ್ಯಾಂಕ್ (ಬಾಗಿಲಿನ ತೂತಿನಲ್ಲಿ ಕೂತು ಟ್ಯಾಪನ್ನು ಪೈಪಿಗೆ ಜೋಡಿಸುವ ಕೊಳವೆ) ಜೊತೆಗೇ ತಂದರೆ ಆಯಿತು.

ಹರಿವು ಹೆಚ್ಚುಕಡಿಮೆ ಮಾಡುವ ಫ್ಲೋ ಕಂಟ್ರೋಲ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಬಿಯರಿಗೆ ಅದು ಬೇಕಾಗಿಲ್ಲ. ಪೈಪಿನ ಉದ್ದ ಸರಿ ಇದ್ದರೆ ಸಾದಾ ಟ್ಯಾಪ್ ಚೆನ್ನಾಗಿ ಹಿಡಿಯುತ್ತದೆ. ಸೋಡಾಗೆ ಮಾತ್ರ ಬೇಕೇ ಬೇಕು. ಚುರ್ರೆನ್ನುವ ಸೋಡಾ ಆಗಬೇಕಾದರೆ 4 ಡಿಗ್ರಿಯಲ್ಲೂ 25ರಿಂದ 30 ಪಿಎಸ್‌ಐ ಇಡಬೇಕು. ಆ ಒತ್ತಡದಲ್ಲಿ ನಿಮ್ಮ 3 ಮೀಟರ್ ಪೈಪ್ ಇಟ್ಟು ಟ್ಯಾಪ್ ತೆರೆದರೆ ಗ್ಲಾಸಿಗಿಂತ ಅಂಗಿಗೇ ಜಾಸ್ತಿ ಬೀಳುತ್ತದೆ. ಒಂದೋ 5 ಮಿಲಿಮೀಟರ್ ಒಳವ್ಯಾಸದ ಪೈಪ್ ಏಳೆಂಟು ಮೀಟರ್ ಸುರುಳಿ ಸುತ್ತಿ ಫ್ರಿಜ್ ಒಳಗೇ ಇಡಬೇಕು, ಇಲ್ಲವೇ 4 ಮಿಲಿಮೀಟರಿನ ಪೈಪ್ ಹಾಕಿ ಜೊತೆಗೆ ಫ್ಲೋ ಕಂಟ್ರೋಲ್ ಟ್ಯಾಪ್. ನಾನಾದರೆ ಎರಡನೆಯದ್ದು.

ಕಾಫಿಗೆ ಸ್ಟೌಟ್ ಟ್ಯಾಪ್ ಇಲ್ಲದೆ ಕೆಲಸ ಆಗುವುದಿಲ್ಲ. ಅದರ ಮೂತಿಯಲ್ಲಿ ಸಣ್ಣ ಸಣ್ಣ ತೂತಿನ ಒಂದು ಬಿಲ್ಲೆ ಇರುತ್ತದೆ. ಕಾಫಿ ಆ ತೂತುಗಳಲ್ಲಿ ನುಗ್ಗುವಾಗ ಕರಗಿದ್ದ ನೈಟ್ರೋಜನ್ ಒಮ್ಮೆಲೇ ಹೊರಬರುತ್ತದೆ, ಗ್ಲಾಸಿನಲ್ಲಿ ಕೆಳಗಿಳಿಯುವ ಆ ಅಲೆ ಕಾಣುತ್ತದೆ. ಸಾದಾ ಟ್ಯಾಪ್‌ನಿಂದ ಬರುವುದು ಬರೀ ಕರೀ ನೀರು. ಆದರೆ ಕಾಫಿ ಪುಡಿಯ ಗಸಿ ಒಂದಿಷ್ಟು ಹೋದರೂ ಆ ತೂತು ಕಟ್ಟುತ್ತದೆ. ಸ್ಟೌಟ್ ಟ್ಯಾಪಿಗೆ ಸೋಡಾ ಕೊಡಬೇಡಿ, ಬರೀ ನೊರೆ ಬರುತ್ತದೆ.

ಕೊನೆಗೆ ಒಂದು ಮಾತು, ನನಗೆ ಇದೇ ಮೊದಲನೆಯದ್ದು. ದುಡ್ಡು ಕಡಿಮೆ ಬಿದ್ದರೆ ಟ್ಯಾಪ್ ಒಂದನ್ನು ಮುಂದಕ್ಕೆ ಹಾಕಿ, ತಂಪಿಗೆ ಕಡಿಮೆ ಮಾಡಬೇಡಿ. ನೊರೆ ಬರುತ್ತದೆ ಅಂತ ನನ್ನನ್ನು ಕರೆಸಿದ ಬಾರ್‌ಗಳಲ್ಲಿ ಹೆಚ್ಚಿನ ಕಡೆ ಗ್ಯಾಸ್ ಸರಿ ಇರುತ್ತಿತ್ತು, ಟ್ಯಾಪ್ ಸರಿ ಇರುತ್ತಿತ್ತು, ನಡುವಿನ ಪೈಪ್ ಬೆಚ್ಚಗಾಗಿರುತ್ತಿತ್ತು. ಕೌಂಟರ್ ಮೇಲೆ ಟ್ಯಾಪಿನ ಕಂಬ (ಟವರ್) ಇಟ್ಟು ಪಬ್ ಮಾಡಲು ಹೋಗಬೇಡಿ. ಫ್ರಿಜ್ ಬಾಗಿಲಿಗೇ ತೂತು ಹೊಡೆದು ಶ್ಯಾಂಕ್ ಕೂರಿಸಿ, ಪೈಪ್ ಪೂರ್ತಿ ಒಳಗೇ ಇರಲಿ. ನಮ್ಮ ಊರಲ್ಲಿ ಮೇ ತಿಂಗಳು ಟ್ಯಾಪ್ ಮುಟ್ಟಿದರೆ ಕೈ ಬಿಸಿ ಆಗುತ್ತದೆ. ನಿಮ್ಮದು ತಂಪಿನ ಊರು ಅನ್ನುತ್ತಾರೆ, ಆದರೂ ಏಪ್ರಿಲ್ ಏಪ್ರಿಲ್ಲೇ.

—

ನವನಗರದ ಕೆಮಿಸ್ಟ್ರಿ ಮೇಡಂ, ಬಾಗಲಕೋಟೆ

ಫಿಟ್ಟರ್ ಅಣ್ಣ ಹೇಳಿದ್ದಕ್ಕೆ ನನ್ನದೇನೂ ತಕರಾರಿಲ್ಲ. ಟೆರೇಸಿನ ತಗಡಿನ ಶೆಡ್ ಬಗ್ಗೆ ಅವರು ಬರೆಯಲಿಲ್ಲ, ಅದೇ ನನಗೆ ಹೆದರಿಕೆ.

ಸಿಒ2 ಸಿಲಿಂಡರಿನಲ್ಲಿ ಕೆಳಗೆ ದ್ರವ, ಮೇಲೆ ಗ್ಯಾಸ್ ಇರುತ್ತದೆ. 31 ಡಿಗ್ರಿ ದಾಟಿತೋ, ಆ ಎರಡರ ಭೇದವೇ ಅಳಿಸಿಹೋಗುತ್ತದೆ. ಆ ಹೊತ್ತಿಗೆ ಒತ್ತಡ 74 ಬಾರ್ ಹತ್ತಿರ ಇರುತ್ತದೆ. ಅಲ್ಲಿಂದ ಮುಂದೆ ಎಷ್ಟು ಏರುತ್ತದೆ ಅನ್ನುವುದು ಎಷ್ಟು ತುಂಬಿಸಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ಸರಿಯಾದ ತೂಕಕ್ಕೆ ತುಂಬಿಸಿದ ಸಿಲಿಂಡರ್ ತಾಳುತ್ತದೆ. "ಸ್ವಲ್ಪ ಜಾಸ್ತಿ ಹಾಕಿ ಕೊಡ್ರಿ" ಅಂತ ಹಾಕಿಸಿಕೊಂಡದ್ದು ಬಿಸಿಲಿನ ತಗಡಿನ ಕೆಳಗೆ ತಾಳುವುದಿಲ್ಲ. ಸೇಫ್ಟಿ ಡಿಸ್ಕ್ ಹರಿದು ಪೂರ್ತಿ ಗ್ಯಾಸ್ ಒಂದೇ ಸಲ ಹೋಗುತ್ತದೆ. ಇನ್ನು ಎಷ್ಟು ಖಾಲಿ ಆಗಿದೆ ಅಂತ ತಿಳಿಯಲು ಸಿಲಿಂಡರ್ ಕಡೆಯ ದೊಡ್ಡ ಗೇಜ್ ನಂಬಬೇಡಿ. ದ್ರವ ಇರುವವರೆಗೂ ಮುಳ್ಳು ಅಲ್ಲೇ ನಿಂತಿರುತ್ತದೆ, ದ್ರವ ಮುಗಿದ ಮೇಲೆ ದಡಕ್ಕನೆ ಬೀಳುತ್ತದೆ. ತಕ್ಕಡಿಯೇ ಸರಿ. ನೈಟ್ರೋಜನ್ ಹಾಗಲ್ಲ, ಸಿಲಿಂಡರಿನೊಳಗೆ ಅದು ದ್ರವ ಆಗುವುದೇ ಇಲ್ಲ, ಮುಳ್ಳು ನೋಡಿದರೆ ಸಾಕು.

ಎಷ್ಟು ಗ್ಯಾಸ್ ಬೇಕಾಗುತ್ತದೆ ಅಂತ ಲೆಕ್ಕ ಹಾಕಿದೆ. 19 ಲೀಟರ್ ಗಟ್ಟಿ ಸೋಡಾಗೆ ಕರಗಲು ಮತ್ತು ದೂಡಲು ಸೇರಿ ಸುಮಾರು ಕಾಲು ಕಿಲೋ ಸಿಒ2. ಲಾಗರ್ ಬಿಯರ್ ಆದರೆ ಇನ್ನೂ ಕಡಿಮೆ. 5 ಕಿಲೋ ಸಿಲಿಂಡರ್ ಇದ್ದರೆ ಮನೆಗೆ ಧಾರಾಳ. 30 ಕಿಲೋದ ದೊಡ್ಡದು ತರಬೇಡಿ, ಸುಮ್ನೆ ಮನೆಯೊಳಗೆ ಅಪಾಯ.

ಇನ್ನೊಂದು ಸಣ್ಣದು. ಈ ಒತ್ತಡದ ಪಟ್ಟಿಗಳೆಲ್ಲ ಸಮುದ್ರ ಮಟ್ಟದ ಲೆಕ್ಕ. ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿದೆ. ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಅನ್ನುವುದನ್ನು ಮಾತ್ರ. ಅದಕ್ಕೆ ಪಟ್ಟಿಯಲ್ಲಿ ಇರುವುದಕ್ಕಿಂತ ಒಂದು ಪಿಎಸ್‌ಐ ಮೇಲೆ ಇಟ್ಟುಕೊಳ್ಳಿ.

ಕಾಫಿ ವಿಷಯ ಮಾತ್ರ ಗಂಭೀರ. ನೈಟ್ರೋಜನ್ ತುಂಬಿದ ಕೆಗ್‌ನಲ್ಲಿ ಆಕ್ಸಿಜನ್ ಇರುವುದಿಲ್ಲ, ಕಾಫಿಗೆ ಹುಳಿಯೂ ಕಡಿಮೆ. ಆಕ್ಸಿಜನ್ ಇಲ್ಲದ ಕಡೆಯೇ ಬೆಳೆದು ವಿಷ ಮಾಡುವ ಬ್ಯಾಕ್ಟೀರಿಯಾಗೆ ಇದು ಅನುಕೂಲದ ಜಾಗ. ತಂಪೊಂದೇ ಕಾವಲು. 5 ಡಿಗ್ರಿ ಒಳಗೇ ಇರಬೇಕು, ವಾರದೊಳಗೆ ಮುಗಿಸಬೇಕು. ರಾತ್ರಿಯಿಡೀ ಕರೆಂಟ್ ಹೋಗಿ ಕೆಗ್ ಬೆಚ್ಚಗಾಗಿದ್ದರೆ ರುಚಿ ನೋಡಲೂ ಹೋಗಬೇಡಿ, ಚೆಲ್ಲಿಬಿಡಿ. ಹಾಲು, ಸಕ್ಕರೆ ಗ್ಲಾಸಿಗೆ ಹಾಕಿಕೊಳ್ಳಿ, ಕೆಗ್‌ಗೆ ಬೇಡ. ಶುಂಠಿ ಸೋಡಾಗೂ ಯೀಸ್ಟ್ ಹಾಕಬೇಡಿ. ಹಾಕಿದರೆ ಅದೂ ಹುದುಗಿ ಅಬಕಾರಿ ಮಾತು ಮತ್ತೆ ಬರುತ್ತದೆ. ನಮ್ಮ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳ ಡಿಸ್ಟಿಲರಿಯಲ್ಲಿ ಕಾಕಂಬಿ ಹುದುಗುವಾಗ ಒಂದು ಕಿಲೋ ಆಲ್ಕೋಹಾಲಿಗೆ ಹೆಚ್ಚುಕಡಿಮೆ ಒಂದು ಕಿಲೋ ಸಿಒ2 ಹುಟ್ಟುತ್ತದೆ. ಗ್ಯಾಸ್ ಬಂತು ಅಂದರೆ ಜೊತೆಗೆ ಇನ್ನೊಂದೂ ಬಂತು ಅಂತಲೇ ಲೆಕ್ಕ.

—

ಲೇಥ್‌ವಾಲಾ, ಬೆಳಗಾವಿ

ಇಬ್ಬರಿಗೂ ಬಹಳ ಧನ್ಯವಾದ. ಅಡಾಪ್ಟರಿಗೆ ಅಂತ ತೆಗೆದಿಟ್ಟಿದ್ದ ರಾಡ್ ವಾಪಸ್ ರ‍್ಯಾಕಿಗೆ ಹೋಯಿತು. ಖಡೇಬಜಾರ್ ಕಡೆ ಒಬ್ಬ ಸೋಡಾದವರ ಪರಿಚಯ ಇದೆ, ಗ್ಯಾಸಿನ ಬಗ್ಗೆ ಅವರನ್ನೇ ಕೇಳುತ್ತೇನೆ. ಪಾನಕಪ್ರಿಯ ಅವರೇ, ನಾಲ್ಕು ಜನ ಅಲ್ಲ, ನಮ್ಮ ಮನೆಯ ಭಾನುವಾರ ನೀವು ನೋಡಿಲ್ಲ.

ಟೆರೇಸ್ ಬಿಟ್ಟೆ. ಅಡುಗೆಮನೆ ಪಕ್ಕ ಮೆಟ್ಟಿಲಿನ ಕೆಳಗೆ ಬಾಗಿಲಿರುವ ಕಪಾಟು ಇದೆ, ಯಾವಾಗಲೂ ತಂಪಾಗಿರುತ್ತದೆ. ಸಿಲಿಂಡರ್ ಅಲ್ಲಿ ಇಡಬಹುದಾ? ಮತ್ತೆ, ಸೋಡಾ ಕೆಗ್‌ನಲ್ಲಿ ಮಧ್ಯೆ ಒಮ್ಮೆ ಕೋಕಂ ಮಾಡಬಹುದಾ?

—

ಗುಮ್ಮಟದೂರಿನ ಫಿಟ್ಟರ್, ವಿಜಯಪುರ

ಮೆಟ್ಟಿಲ ಕೆಳಗಿನ ಕಪಾಟು ಬೇಡ. ಸಿಒ2 ಗಾಳಿಗಿಂತ ಒಂದೂವರೆ ಪಟ್ಟು ಭಾರ, ಸೋರಿದರೆ ನೆಲದ ಮೇಲೇ ನಿಲ್ಲುತ್ತದೆ. ಮಕ್ಕಳು ಚಪ್ಪಲಿ ಹುಡುಕಲು ಬಗ್ಗುವ ಜಾಗ ಅದು. ನೈಟ್ರೋಜನ್ನಿಗಂತೂ ವಾಸನೆಯೂ ಇಲ್ಲ, ಚುರುಕೂ ಇಲ್ಲ, ಉಸಿರು ಕಟ್ಟುವವರೆಗೂ ಗೊತ್ತಾಗುವುದಿಲ್ಲ. ಗಾಳಿ ಆಡುವ, ನೆರಳಿರುವ ಹಿತ್ತಲ ಗೋಡೆ ನೋಡಿ. ಸಿಲಿಂಡರ್ ನೆಟ್ಟಗೆ ನಿಲ್ಲಿಸಿ, ಸರಪಳಿ ಕಟ್ಟಿ. ಫ್ರಿಜ್ ದೊಡ್ಡದಿದ್ದರೆ 5 ಕಿಲೋದ್ದು ಒಳಗೇ ಕೂರುತ್ತದೆ, ಆದರೆ ಆ ಫ್ರಿಜ್ ಮುಚ್ಚಿದ ಕೋಣೆಯಲ್ಲಿ ಇರಬಾರದು. ಪ್ರತಿ ಜಾಯಿಂಟ್‌ಗೂ ಸೋಪಿನ ನೀರು ಹಚ್ಚಿ ನೋಡಿ. ಬಳಸದಾಗ ಸಿಲಿಂಡರ್ ವಾಲ್ವ್ ಬಂದ್ ಮಾಡಿಬಿಡಿ.

ಕೋಕಂ ಮಾಡಬಹುದು. ಆದರೆ ಶುಂಠಿ ಹೋದ ಪೈಪಿನಲ್ಲಿ ಶುಂಠಿ ಉಳಿದೇ ಉಳಿಯುತ್ತದೆ, ಓ-ರಿಂಗಿನಲ್ಲೂ ಕೂಡ. ಎಷ್ಟು ತೊಳೆದರೂ ಹೋಗುವುದಿಲ್ಲ. ಕೋಕಂಗೆ ಬೇರೆ ಪೈಪ್, ಬೇರೆ ಓ-ರಿಂಗ್ ಸೆಟ್ ಇಟ್ಟುಕೊಳ್ಳಿ, ಎರಡೂ ಅಗ್ಗದ ಸಾಮಾನು. ಒಂದು ಕೆಗ್ ಮುಗಿದ ತಕ್ಷಣ ಬಿಸಿ ನೀರು ಹಾಯಿಸಿ, ಟ್ಯಾಪ್ ಬಿಚ್ಚಿ ಬ್ರಷ್ ಹಾಕಿ. ರಸ ಬಟ್ಟೆಯಲ್ಲಿ ಎರಡು ಸಲ ಸೋಸಿ, ಫ್ರಿಜ್‌ನಲ್ಲಿ ಒಂದು ರಾತ್ರಿ ಇಟ್ಟು ಮೇಲಿನ ತಿಳಿ ಮಾತ್ರ ಕೆಗ್‌ಗೆ ಹಾಕಿ. ಶುಂಠಿ ನಾರು ಕೆಗ್ಗಿನ ಪಾಪೆಟ್‌ನಲ್ಲಿ (ಬಾಯಿ ಮುಚ್ಚುವ ಸ್ಪ್ರಿಂಗ್ ವಾಲ್ವ್) ಸಿಕ್ಕಿಕೊಂಡರೆ, ಒತ್ತಡ ಪೂರ್ತಿ ಇಳಿಸಿ ಬಿಚ್ಚಿ ತೆಗೆಯಬೇಕಾಗುತ್ತದೆ. ಮನೆ ತುಂಬ ಜನ ಗ್ಲಾಸ್ ಹಿಡಿದು ನಿಂತಿರುವಾಗ ಆ ಕೆಲಸ ಬೇಡ.